ಕೆಲಸವಿಲ್ಲದ ವರ್ಧಕ

ಸಂಗೀತವನ್ನು ಕೇಳಿಸುವ ಯಂತ್ರವೊಂದನ್ನು ತಾವೇ ಕಟ್ಟಲು ಹೊರಟ ವಿದ್ಯಾರ್ಥಿಗಳನ್ನು ಒಂದು ಸಣ್ಣ ಸಂಗತಿ ಬಹಳ ದಿನ ಕಾಡುವುದುಂಟು. ನಕ್ಷೆಯಲ್ಲಿರುವಂತೆಯೇ ಎಲ್ಲವನ್ನೂ ಬೆಸುಗೆ ಹಾಕಿದ್ದಾರೆ, ಹಾಡೂ ಕೇಳಿಬರುತ್ತಿದೆ, ಆದರೆ ಅದರ ಹಿಂದೆ ಗುಂಯ್ ಎಂಬ ಸದ್ದೊಂದು ಬಿಡದೆ ಸುಳಿಯುತ್ತಿದೆ. ಕೆಲಸ ಮಾಡುತ್ತಿರುವ ಭಾಗಗಳನ್ನು ಒಂದೊಂದಾಗಿ ಪರೀಕ್ಷಿಸಿದರೂ ದೋಷ ಸಿಕ್ಕುವುದಿಲ್ಲ. ಇಂಥಲ್ಲಿ ಕೆಲಸವನ್ನೇ ಮಾಡದ ಭಾಗದ ಕಡೆಗೆ ಒಮ್ಮೆ ಕಣ್ಣು ಹಾಯಿಸುವುದು ಲೇಸು.

ಕ್ಷೀಣವಾದ ಸಂಕೇತಗಳನ್ನು ವರ್ಧಿಸಲು ಇಂದು ವ್ಯಾಪಕವಾಗಿ ಬಳಸುವ ಸಾಧನ ಆಪ್-ಆಂಪ್. 'ಆಪರೇಷನಲ್ ಆಂಪ್ಲಿಫೈಯರ್' ಎಂಬ ಅದರ ಪೂರ್ಣನಾಮವು 1947ರಲ್ಲಿ ಜಾನ್ ರಾಗಝಿನಿ ಮತ್ತು ಅವರ ಸಂಗಡಿಗರು ಬರೆದ ಲೇಖನದಿಂದ ಬಳಕೆಗೆ ಬಂದಿತು. ಆಗ ಅದನ್ನು ವಾಲ್ವುಗಳಿಂದ ಕಟ್ಟುತ್ತಿದ್ದರು. ಈಗಲಾದರೋ ಟಿಎಲ್ 074 ಎಂಬ ಹದಿನಾಲ್ಕು ಕಾಲುಗಳ ಒಂದೇ ಚಿಪ್‌ನಲ್ಲಿ ನಾಲ್ಕು ಆಪ್-ಆಂಪ್‌ಗಳಿವೆ. ನಮಗೆ ಮೂರೇ ಸಾಕಾದರೆ ನಾಲ್ಕನೆಯದು ಉಳಿಯುವುದು. ಅದನ್ನು ಎಲ್ಲಿಗೂ ಸೇರಿಸದೆ ಬಿಟ್ಟರೆ ತೆಪ್ಪಗಿರುವುದೆಂದು ನಾವು ಭಾವಿಸುತ್ತೇವೆ. ಆದರೆ ನಾಲ್ಕಕ್ಕೂ ವಿದ್ಯುತ್ತು ಬರುವುದು ಅವೇ ಎರಡು ಕಾಲುಗಳಿಂದ. ಮೂರು ಎಚ್ಚೆತ್ತಿರುವಾಗ ನಾಲ್ಕನೆಯದು ನಿದ್ರಿಸುವಂತಿಲ್ಲ. ಕೆಲಸವಿಲ್ಲದ ಬಡಗಿಯನ್ನು ಕುರಿತ ಗಾದೆ ಇಲ್ಲಿಯೂ ಸಲ್ಲುವುದು.

ಹೇಗೆಂಬುದನ್ನು ನೋಡೋಣ. ಪ್ರತಿಯೊಂದು ಆಪ್-ಆಂಪ್‌ಗೂ ಧನ ಮತ್ತು ಋಣ ಎಂಬ ಎರಡು ಇನ್‌ಪುಟ್‌ಗಳೂ ಒಂದು ಔಟ್‌ಪುಟ್ಟೂ ಉಂಟು. ಇನ್‌ಪುಟ್‌ಗಳ ನಡುವಣ ವೋಲ್ಟೇಜಿನ ವ್ಯತ್ಯಾಸವನ್ನು ಟಿಎಲ್ 074 ಸುಮಾರು 2 ಲಕ್ಷ ಪಟ್ಟು ಹಿಗ್ಗಿಸಬಲ್ಲದು. ಇನ್‌ಪುಟ್‌ಗಳ ರೋಧವಾದರೋ ಅತ್ಯಧಿಕ. ಆದುದರಿಂದ ತೆರೆದುಬಿಟ್ಟ ಕಾಲು ಸಣ್ಣ ಏರಿಯಲ್ಲಿನಂತೆ ವರ್ತಿಸಿ, ಮನೆಯ ವಿದ್ಯುತ್ ತಂತಿಗಳ 50 ಆವರ್ತನದ ಕಂಪನವನ್ನು ಹಿಡಿದುಕೊಳ್ಳುವುದು. ಆಗ ಔಟ್‌ಪುಟ್ ಈ ಕೊನೆಯಿಂದ ಆ ಕೊನೆಗೆ ಜೀಕಬಹುದು, ಇಲ್ಲವೆ ಒಂದು ಕೊನೆಗೆ ಅಂಟಿಕೊಳ್ಳಬಹುದು. ಔಟ್‌ಪುಟ್ಟಿನ ಅಂಶ ಧನ ಇನ್‌ಪುಟ್ಟಿಗೆ ಸೋರಿದರೆ ತಾನಾಗಿಯೇ ಆಂದೋಲಿಸಲೂಬಹುದು. ಈ ಗಲಭೆ ಸಮಾನವಾದ ವಿದ್ಯುತ್ ತಂತಿಗಳ ಮೂಲಕವೂ, ಪಕ್ಕಪಕ್ಕದ ತಾಮ್ರದ ಗೆರೆಗಳ ಮೂಲಕವೂ ನೆರೆಯವರನ್ನು ತಲಪುವುದು.

ಹಾಗಾದರೆ ಎರಡು ಇನ್‌ಪುಟ್‌ಗಳನ್ನೂ ಗ್ರೌಂಡಿಗೆ ಸೇರಿಸಿದರೆ ಸಾಲದೆ, ಎಂದು ವಾಚಕರು ಕೇಳಬಹುದು. ಸಾಲದು. ಎರಡು ಇನ್‌ಪುಟ್‌ಗಳು ತಯಾರಿಕೆಯಲ್ಲಿ ಸರಿಸಮವಾಗಿರುವುದಿಲ್ಲ. ಅವುಗಳ ನಡುವೆ 3 ಮಿಲಿವೋಲ್ಟಿನಷ್ಟು ಅಂತರವಿರುವುದು ಸಾಮಾನ್ಯ. ಅದನ್ನು 2 ಲಕ್ಷದಿಂದ ಗುಣಿಸಿದರೆ 600 ವೋಲ್ಟು! ಹದಿನೈದು ವೋಲ್ಟಿನ ಯಂತ್ರದಲ್ಲಿ ಇದು ಅಸಾಧ್ಯವಾದ್ದರಿಂದ, ಔಟ್‌ಪುಟ್ ಒಂದು ಕೊನೆಗೆ ಹೋಗಿ ಅಲ್ಲಿಯೇ ಸಿಕ್ಕಿಬೀಳುವುದು. ಇನ್ನು ಔಟ್‌ಪುಟ್ಟನ್ನೂ ಗ್ರೌಂಡಿಗೆ ಕಟ್ಟಿದರೆ ಶಾರ್ಟ್ ಆಗಿ, ಚಿಪ್ ವೃಥಾ ಬಿಸಿಯಾಗುವುದು.

ಸರಿಯಾದ ಉಪಾಯ ಬಹಳ ಸುಲಭ. ಔಟ್‌ಪುಟ್ಟನ್ನು ಋಣ ಇನ್‌ಪುಟ್ಟಿಗೆ ಕಟ್ಟಿ, ಧನ ಇನ್‌ಪುಟ್ಟನ್ನು ಗ್ರೌಂಡಿಗೆ ಸೇರಿಸಬೇಕು. ಟಿಎಲ್ 074ರ ನಾಲ್ಕನೆಯ ಭಾಗಕ್ಕಾದರೆ 13 ಮತ್ತು 14ನೆಯ ಕಾಲುಗಳು ಕೂಡಬೇಕು. 12ನೆಯದು ಗ್ರೌಂಡಿಗೆ ಹೋಗಬೇಕು. ಈಗ ಔಟ್‌ಪುಟ್ ಕೊಂಚ ಮೇಲೇರಿದರೆ ಋಣ ಇನ್‌ಪುಟ್ಟೂ ಏರಿ ಅದನ್ನು ಕೆಳಕ್ಕೆಳೆಯುವುದು, ಇಳಿದರೆ ಮೇಲಕ್ಕೆತ್ತುವುದು. ಮೊದಲಿನ 3 ಮಿಲಿವೋಲ್ಟು 3 ಮಿಲಿವೋಲ್ಟಾಗಿಯೇ ಉಳಿಯುವುದು.

ಎರಡು ಎಚ್ಚರಿಕೆಗಳನ್ನು ಮಾತ್ರ ಮರೆಯಬಾರದು. 9 ವೋಲ್ಟಿನ ಒಂದೇ ಬ್ಯಾಟರಿಯಿಂದ ನಡೆಯುವ ಯಂತ್ರದಲ್ಲಿ ಧನ ಇನ್‌ಪುಟ್ಟನ್ನು ಬ್ಯಾಟರಿಯ ಋಣ ತುದಿಗೆ ಕಟ್ಟದೆ, ಸಮನಾದ ಎರಡು ರೋಧಕಗಳಿಂದ ಪಡೆದ 4.5 ವೋಲ್ಟಿನ ನಡುಬಿಂದುವಿಗೆ ಕಟ್ಟಬೇಕು; ತುದಿಗೆ ತೀರ ಸಮೀಪದಲ್ಲಿ ಟಿಎಲ್ 074 ಸರಿಯಾಗಿ ವರ್ತಿಸದು. ಎರಡನೆಯದಾಗಿ, ಓಪಿಎ 2228ರಂಥ ಕೆಲವು ಆಪ್-ಆಂಪ್‌ಗಳು 5 ಪಟ್ಟಿಗಿಂತ ಕಡಮೆ ವರ್ಧನೆಯಲ್ಲಿ ಸ್ಥಿರವಾಗಿ ನಿಲ್ಲಲಾರವು. ಅವುಗಳಿಗೆ ನೇರವಾದ ತಂತಿಯ ಬದಲು ಎರಡು ರೋಧಕಗಳನ್ನು ಹಾಕಿ, 10 ಪಟ್ಟಿನಷ್ಟು ವರ್ಧನೆಯನ್ನು ಕೊಟ್ಟು, ಧನ ಇನ್‌ಪುಟ್ಟನ್ನು ಗ್ರೌಂಡಿಗೆ ಸೇರಿಸುವುದು ಕ್ಷೇಮ.

ಆದುದರಿಂದ ನಕ್ಷೆಯನ್ನು ಬರೆಯುವಾಗಲೇ ಚಿಪ್‌ನಲ್ಲಿರುವ ಎಲ್ಲ ಆಪ್-ಆಂಪ್‌ಗಳನ್ನೂ, ಬೇಡವಾದುದನ್ನು ಸಹ, ತಪ್ಪದೆ ಬರೆಯೋಣ. ಬೆಸುಗೆಯ ಕಡ್ಡಿ ಕಾಯುವುದಕ್ಕೆ ಮೊದಲೇ ಅದರ ಮೂರು ಕಾಲುಗಳಿಗೂ ನೆಲೆ ಕಾಣಿಸಿದರೆ, ಆಮೇಲೆ ಆ ಸದ್ದನ್ನು ಹುಡುಕುತ್ತ ದಿನಗಳೆಯುವ ಪ್ರಮೇಯ ಬರಲಾರದು.