ಕರಿಕಲ್ಲಿನ ಶಾಸನ, ಕಪ್ಪು-ಬಿಳುಪು ಡಿಜಿಟಲ್: ಬೆಳಕಿನ ಲೆಕ್ಕ

ಕಪ್ಪು-ಬಿಳುಪು ಫಿಲ್ಮಿನಲ್ಲಿ ಶಾಸನ ತೆಗೆದವರ ರೂಢಿ ಒಂದೇ: ನೆರಳಿಗೆ ಬೆಳಕು ಸಾಲಬೇಕು, ಸ್ವಲ್ಪ ಹೆಚ್ಚಾದರೂ ನೆಗೆಟಿವ್ ತಡ್ಕೊಳ್ಳುತ್ತೆ. ಡಿಜಿಟಲ್‌ನಲ್ಲಿ ಇದು ಉಲ್ಟಾ. ಬಣ್ಣದ ಕ್ಯಾಮೆರಾದಲ್ಲಿ ಕೆಂಪು, ಹಸಿರು, ನೀಲಿಗಳಲ್ಲಿ ಒಂದು ತುಂಬಿಹೋದರೂ ಉಳಿದವುಗಳಿಂದ ಒಂದಿಷ್ಟು ವಿವರ ಮರಳಿ ತರಬಹುದು. ಬಣ್ಣದ ಜಾಲರಿಯೇ ಇಲ್ಲದ ಲೈಕಾ ಎಂ ಮೊನೊಕ್ರೋಮ್ (2012) ಥರದ ಕ್ಯಾಮೆರಾದಲ್ಲಿ ಆ ದಾರಿ ಇಲ್ಲ. ಪೂರ್ತಿ ಬೆಳ್ಳಗಾದದ್ದು ಹೋಯ್ತು ಅಂತಲೇ ಲೆಕ್ಕ.

ಕನ್ನೊಳ್ಳಿ, ಸಿಂದಗಿ ಸೀಮೆಯ ಕರಿಕಲ್ಲಿಗೆ ಇದು ಮುಖ್ಯ. ಮೀಟರು ಕಪ್ಪನ್ನು ಬೂದು ಮಾಡಲು ಹೋಗಿ ಬೆಳಕು ಹೆಚ್ಚಿಸುತ್ತೆ. ಓರೆ ಬಿಸಿಲು ಬಿದ್ದ ಅಕ್ಷರದ ಅಂಚು, ಸುಣ್ಣದ ಕಲೆ ಎರಡೂ ಒಂದೇ ಬಿಳಿ ಮಚ್ಚೆಯಾಗುತ್ತವೆ. ಆಮೇಲೆ ‘ಪ’ವೋ ‘ವ’ವೋ ಅಂತ ಊಹಿಸಬೇಕು, ಪಾಠವೇ ತಪ್ಪಬಹುದು.

ಹಾಗಾಗಿ ಒಂದು ಸ್ಟಾಪ್ ಕಡಿಮೆಯಿಂದ ಶುರುಮಾಡಿ. ಹಿಸ್ಟೋಗ್ರಾಮ್ ಬಲತುದಿಗೆ ಬಡಿಯದಂತೆ ನೋಡಿ, ರಾ ಫೈಲಿನಲ್ಲಿ ಉಳಿಸಿ. ನೆರಳನ್ನು ಆಮೇಲೆ ಎತ್ತಬಹುದು.