ಕೊರಳಿನ ಗ್ರಂಥಿ ಕುಂದಿದಾಗ, ಕೆರಳಿದಾಗ

ಸೊಸೆ ಸದಾ ಮಂಕಾಗಿದ್ದರೆ ಸೋಮಾರಿಯೆಂದೂ, ಮಗಳು ಸಣ್ಣ ಮಾತಿಗೆ ಸಿಡುಕಿದರೆ ಜಗಳಗಂಟಿಯೆಂದೂ ಹೆಸರಿಡುವುದನ್ನು ನಾವು ಎಷ್ಟೋ ಮನೆತನಗಳಲ್ಲಿ ಕಂಡಿದ್ದೇವೆ. ನಡತೆಯ ದೋಷವೆಂದು ತೋರುವುದರ ಮೂಲ ಕೆಲವೊಮ್ಮೆ ಕೊರಳಿನ ಒಂದು ಪುಟ್ಟ ಗ್ರಂಥಿಯಲ್ಲಿರುತ್ತದೆ ಎಂಬುದನ್ನು ಗೃಹಸ್ಥರು ಅರಿತಿರಬೇಕು.

ಶ್ವಾಸನಾಳದ ಮುಂದೆ, ರೆಕ್ಕೆ ಬಿಚ್ಚಿದ ಚಿಟ್ಟೆಯಂತಿರುವ ಥೈರಾಯಿಡ್ ಗ್ರಂಥಿಯ ತೂಕ ಸುಮಾರು 20 ಗ್ರಾಂ. ಆಹಾರದಲ್ಲಿನ ಅಯೋಡಿನ್ ಹೀರಿಕೊಂಡು ಅದು ಟಿ4, ಟಿ3 ಎಂಬ ಹಾರ್ಮೋನುಗಳನ್ನು ಸ್ರವಿಸುತ್ತದೆ. ದೇಹದ ಉಷ್ಣ, ಹೃದಯದ ಗತಿ, ಜೀರ್ಣಕ್ರಿಯೆ, ಶಿಶುವಿನ ಮಿದುಳಿನ ಬೆಳವಣಿಗೆ ಇವೆಲ್ಲಕ್ಕೂ ಅವು ಅಗತ್ಯ. ಮಿದುಳಿನ ಬುಡದ ಪಿಟ್ಯುಟರಿ ಗ್ರಂಥಿ ಟಿ.ಎಸ್.ಎಚ್. ಎಂಬ ಹಾರ್ಮೋನಿನಿಂದ ಥೈರಾಯಿಡನ್ನು ದುಡಿಸುತ್ತದೆ. ಆದ್ದರಿಂದ ಥೈರಾಯಿಡ್ ಸೋತರೆ ರಕ್ತದಲ್ಲಿ ಟಿ.ಎಸ್.ಎಚ್. ಸಾಮಾನ್ಯವಾಗಿ ಏರುತ್ತದೆ, ಥೈರಾಯಿಡ್ ಅತಿಯಾಗಿ ದುಡಿದರೆ ಇಳಿಯುತ್ತದೆ.

ಹಾರ್ಮೋನು ಕುಂದಿದಾಗ ದಣಿವು, ಚಳಿ, ಮಲಬದ್ಧತೆ, ಒಣಚರ್ಮ, ಮರೆವು, ತೂಕದ ಏರಿಕೆ, ಮುಟ್ಟಿನ ಏರುಪೇರು ಕಾಣಿಸುತ್ತವೆ. ಹೆಚ್ಚಿದಾಗ ಸೆಕೆ, ಬೆವರು, ಎದೆಬಡಿತ, ಕೈನಡುಕ, ನಿದ್ರಾಹೀನತೆ, ಸಿಡುಕು. ಚೆನ್ನಾಗಿ ಉಂಡರೂ ದೇಹ ಕೃಶವಾಗುತ್ತದೆ. ದೇಹದ ರೋಗನಿರೋಧಕ ಶಕ್ತಿಯೇ ದಾರಿತಪ್ಪಿ ಗ್ರಂಥಿಯ ಮೇಲೆರಗುವುದು ಎರಡಕ್ಕೂ ಮುಖ್ಯ ಕಾರಣಗಳಲ್ಲೊಂದು. ಸ್ತ್ರೀಯರಲ್ಲಿ ಇದು ಹೆಚ್ಚು.

ಅಯೋಡಿನ್ ಕೊರತೆ ಇನ್ನೊಂದು ಕಾರಣ. 1956ರಲ್ಲಿ ಹಿಮಾಲಯದ ಕಾಂಗ್ರಾ ಕಣಿವೆಯಲ್ಲಿ ಡಾ. ವಿ. ರಾಮಲಿಂಗಸ್ವಾಮಿ ಮತ್ತು ಸಂಗಡಿಗರು ಆರಂಭಿಸಿದ ಪ್ರಯೋಗವು ಅಯೋಡಿನ್ ಬೆರೆತ ಉಪ್ಪಿನಿಂದ ಗಳಗಂಡ ತಗ್ಗುವುದೆಂದು ತೋರಿಸಿತು. 1962ರಲ್ಲಿ ರಾಷ್ಟ್ರೀಯ ಗಳಗಂಡ ನಿಯಂತ್ರಣ ಕಾರ್ಯಕ್ರಮ ಜಾರಿಗೆ ಬಂದಿತು. ಆದರೆ ರೋಗನಿರೋಧಕ ಶಕ್ತಿಯ ತಪ್ಪಿನಿಂದ ಬಂದ ಬೇನೆ ಉಪ್ಪಿನಿಂದ ವಾಸಿಯಾಗದು.

ಕುಂದಿದ ಹಾರ್ಮೋನಿಗೆ ಲಿವೊಥೈರಾಕ್ಸಿನ್ ಮಾತ್ರೆ ಬದಲಿಯಾಗಿದೆ. ಅದನ್ನು ಬೆಳಿಗ್ಗೆ ಬರಿಹೊಟ್ಟೆಯಲ್ಲಿ ನೀರಿನೊಡನೆ ಸೇವಿಸಿ, ಅರ್ಧದಿಂದ ಒಂದು ಗಂಟೆಯವರೆಗೆ ಕಾಫಿ, ಉಪಾಹಾರಗಳನ್ನು ತಡೆಯಬೇಕು. ಕಬ್ಬಿಣ, ಕ್ಯಾಲ್ಸಿಯಂ ಮಾತ್ರೆಗಳಿಗೆ 4 ಗಂಟೆಗಳ ಅಂತರವಿರಲಿ. ಹೆಚ್ಚಿದ ಹಾರ್ಮೋನಿಗೆ ತಗ್ಗಿಸುವ ಮಾತ್ರೆ, ವಿಕಿರಣ ಅಯೋಡಿನ್, ಶಸ್ತ್ರಚಿಕಿತ್ಸೆಗಳಿವೆ. ಯಾವುದು ತಕ್ಕದ್ದೆಂದು ವೈದ್ಯರು ನಿರ್ಣಯಿಸುತ್ತಾರೆ.

ಹೆಣ್ಣುಮಗಳು ಬಸುರಿಯಾದೊಡನೆ "ಮಾತ್ರೆ ಉಷ್ಣ" ಎಂದು ನಿಲ್ಲಿಸುವ ಹಿರಿಯರಿದ್ದಾರೆ. ಇದು ಅಪಾಯ. ಆ ಕಾಲದಲ್ಲಿ ಲಿವೊಥೈರಾಕ್ಸಿನ್‌ನ ಅಗತ್ಯ ಸಾಮಾನ್ಯವಾಗಿ ಹೆಚ್ಚುತ್ತದೆ. ಮೊದಲ ತಿಂಗಳುಗಳಲ್ಲಿ ಗರ್ಭಸ್ಥ ಶಿಶು ತಾಯಿಯ ಹಾರ್ಮೋನನ್ನೇ ಅವಲಂಬಿಸಿರುತ್ತದೆ. ಹುಟ್ಟಿನಿಂದಲೇ ಈ ಕೊರತೆಯುಳ್ಳ ಕೂಸು ನೋಡಲು ಆರೋಗ್ಯವಾಗಿಯೇ ಕಾಣಬಹುದು. ಹಿಮ್ಮಡಿಯ ಹನಿ ರಕ್ತದಿಂದ ಪತ್ತೆಹಚ್ಚಿ ಎರಡು ವಾರಗಳೊಳಗೆ ಚಿಕಿತ್ಸೆ ಆರಂಭಿಸಿದರೆ ಅದರ ಬುದ್ಧಿ ಉಳಿಯುತ್ತದೆ. ತಡವಾದರೆ ಕಳೆದದ್ದು ಮರಳಿ ಬಾರದು.

ಆದ್ದರಿಂದ ತಾಯಂದಿರೇ, ಅತ್ತೆಯಂದಿರೇ, ಮನೆಯ ಹೆಣ್ಣುಮಗಳಿಗೆ ಹೆಸರಿಡುವ ಮುನ್ನ ಆಕೆಯ ರಕ್ತಪರೀಕ್ಷೆ ಮಾಡಿಸಿರಿ.