ಫೈಲ್ ಎಷ್ಟು ಜಾಗ ಹಿಡಿದಿದೆ?

ಯುನಿಕ್ಸ್ ವಂಶದ ಆಪರೇಟಿಂಗ್ ಸಿಸ್ಟಮ್‌ಗಳಲ್ಲಿ ಪ್ರತಿ ಫೈಲಿಗೂ ಎರಡು ಅಳತೆ. ಮೊದಲ ಬೈಟಿನಿಂದ ಕೊನೆಯ ಬೈಟಿನವರೆಗಿನ ಉದ್ದ ಒಂದು, ಅದು ನಿಜಕ್ಕೂ ಹಿಡಿದಿರುವ ಜಾಗ ಇನ್ನೊಂದು. ಪಹಣಿಯಲ್ಲಿ ಜಮೀನಿನ ವಿಸ್ತೀರ್ಣವೇ ಬೇರೆ, ಬೆಳೆ ಇಟ್ಟ ವಿಸ್ತೀರ್ಣವೇ ಬೇರೆ ಇದ್ದ ಹಾಗೆ. 'ಎಲ್‌ಎಸ್' ಆಜ್ಞೆ ಉದ್ದ ಹೇಳುತ್ತದೆ, 'ಡಿಯು' ಆಜ್ಞೆ ಜಾಗ ಹೇಳುತ್ತದೆ.

ಏನನ್ನೂ ಬರೆಯದೆ 1 ಜಿಬಿ ಉದ್ದದ ಫೈಲೊಂದನ್ನು ಮಾಡಿ ನೋಡಿ. ಎಲ್‌ಎಸ್ 1,07,37,41,824 ಬೈಟ್ ಎನ್ನುತ್ತದೆ, ಡಿಯು ಸೊನ್ನೆ ಎನ್ನುತ್ತದೆ. ಮೆಮೊರಿಯಲ್ಲೇ ಇರುವ ಫೈಲಾದರೆ, ನಡುವೆಲ್ಲೋ ಒಂದೇ ಒಂದು ಅಕ್ಷರ ಬರೆದಾಗ ಮೆಮೊರಿಯ ಒಂದು ಪುಟ, ಸಾಮಾನ್ಯವಾಗಿ 4096 ಬೈಟ್, ಖರ್ಚಾಗುತ್ತದೆ. ಬರೆಯದೆ ಬಿಟ್ಟ ಭಾಗವನ್ನು ಓದಿದರೆ ಬರೀ ಸೊನ್ನೆಗಳು.

ಫೈಲ್‌ಗಳನ್ನು ಡಿಸ್ಕಿನ ಬದಲು ಮೆಮೊರಿಯಲ್ಲೇ ಇಡುವ ವ್ಯವಸ್ಥೆಗೆ 'ಟಿಎಂಪಿಎಫ್‌ಎಸ್' ಎಂದು ಹೆಸರು. ತಾತ್ಕಾಲಿಕ ಫೈಲ್‌ಗಳಿಗೆ ಇದು ಬಲು ವೇಗ. ಯಂತ್ರ ಆರಿಸಿದರೆ ಎಲ್ಲವೂ ಮಾಯ. ಮೆಮೊರಿ ಸಾಲದಾದಾಗ ಆಪರೇಟಿಂಗ್ ಸಿಸ್ಟಮ್‌ನ ತಿರುಳಾದ ಕರ್ನಲ್ ಕೆಲವು ಪುಟಗಳನ್ನು ಡಿಸ್ಕಿನ 'ಸ್ವಾಪ್' ಜಾಗಕ್ಕೆ ಸಾಗಿಸುತ್ತದೆ. ಯುನಿಕ್ಸ್ ವಂಶದ್ದೇ ಆದ ಫ್ರೀಬಿಎಸ್‌ಡಿಯಲ್ಲಿ ಲೆಕ್ಕ ತಪ್ಪುತ್ತಿದ್ದದ್ದು ಇಲ್ಲೇ. ಜಾಗ ಎಷ್ಟೆಂದು ಕೇಳಿದರೆ ಅದು ಆ ಕ್ಷಣ ಮೆಮೊರಿಯಲ್ಲಿದ್ದ ಪುಟಗಳನ್ನಷ್ಟೇ ಎಣಿಸುತ್ತಿತ್ತು. ಪುಟಗಳು ಸ್ವಾಪ್‌ಗೆ ಹೋದರೆ, ಒಂದು ಬೈಟೂ ಅಳಿಸದ ಫೈಲ್ ಸೊರಗಿದಂತೆ ಕಾಣುತ್ತಿತ್ತು. ಮೆಮೊರಿ ತುಂಬಿ ಯಂತ್ರ ಏದುಸಿರು ಬಿಡುವಾಗಲೇ ಅಲ್ಲವೇ ನಿರ್ವಾಹಕರು ಯಾವ ಫೈಲ್ ದೊಡ್ಡದೆಂದು ಹುಡುಕುವುದು? ಸಂಖ್ಯೆ ಕೈಕೊಡುತ್ತಿದ್ದದ್ದೂ ಆಗಲೇ. ಎರಡು ಅಳತೆಗಳನ್ನು ಹೋಲಿಸಿ ಫೈಲಿನಲ್ಲಿ ಖಾಲಿ ಭಾಗವಿದೆಯೇ ಎಂದು ಊಹಿಸುವ ಬ್ಯಾಕಪ್ ಪ್ರೋಗ್ರಾಮ್‌ಗಳಿಗೂ ಇದು ಅಪಾಯಕಾರಿ.

ಟಿಎಂಪಿಎಫ್‌ಎಸ್ ಒಟ್ಟು ಎಷ್ಟು ಜಾಗ ಬಳಸಬಹುದೆಂಬ ಮಿತಿಯ ಲೆಕ್ಕದಲ್ಲಿ ತಪ್ಪು ಉಲ್ಟಾ ಇತ್ತು. ಅಲ್ಲಿ ಫೈಲಿನ ಪೂರ್ತಿ ಉದ್ದವನ್ನೇ ಖರ್ಚು ಹಾಕುತ್ತಿದ್ದರು. ಹಾಗಾಗಿ ಖಾಲಿ ಫೈಲೊಂದು 1 ಜಿಬಿಯನ್ನು ಸುಮ್ಮನೆ ನುಂಗುತ್ತಿತ್ತು.

2022ರ ಕೊನೆಯಲ್ಲಿ ಬಂದ ತಿದ್ದುಪಡಿ ಎರಡೂ ತಪ್ಪುಗಳನ್ನು ಸರಿಪಡಿಸಿತು: ನಿಜವಾಗಿ ಹಂಚಿಕೆಯಾದ ಪುಟಗಳನ್ನೇ ಎಣಿಸಬೇಕು, ಅವು ಎಲ್ಲೇ ಇರಲಿ. ಹೇಳಿದಷ್ಟು ಸುಲಭವಲ್ಲ ಇದು. ಒಂದೇ ಪುಟ ಮೆಮೊರಿಯಲ್ಲೂ ಸ್ವಾಪ್‌ನಲ್ಲೂ ಏಕಕಾಲಕ್ಕೆ ಇರಬಹುದು, ಅದನ್ನು ಎರಡು ಸಲ ಎಣಿಸಕೂಡದು. ಆದ್ದರಿಂದ ಮೆಮೊರಿಗೆ ಪುಟ ಸೇರುವಾಗ, ಅದು ಸ್ವಾಪ್‌ನಲ್ಲಿ ಮೊದಲೇ ಇಲ್ಲದಿದ್ದರೆ ಮಾತ್ರ ಲೆಕ್ಕ ಏರುತ್ತದೆ. ಮೆಮೊರಿಯಿಂದ ಹೋಗುವಾಗ, ಸ್ವಾಪ್‌ನಲ್ಲೂ ಇಲ್ಲದಿದ್ದರೆ ಮಾತ್ರ ಇಳಿಯುತ್ತದೆ. ಇದರಿಂದ 'ಜಾಗವಿಲ್ಲ' ಎಂಬ ದೂರು ಬರುವ ಹೊತ್ತೂ ಬದಲಾಯಿತು. ಫೈಲನ್ನು ಉದ್ದ ಮಾಡುವಾಗ ಬರುತ್ತಿದ್ದದ್ದು, ಈಗ ಅದರ ಖಾಲಿ ಭಾಗಕ್ಕೆ ಬರೆಯಹೊರಟಾಗ ಬರುತ್ತದೆ.